ಅಧ್ಯಯನಕ್ಕೆ ಯಾರು ಬರಬಹುದು ಎಂದು ತೀರ್ಮಾನಿಸುವ ಕಚೇರಿ

(ಬೌದ್ಧಿಕ ಮತ್ತು ಬೆಳವಣಿಗೆಯ ವಿಕಲತೆಗಳ ಸಂಶೋಧನಾ ಕೇಂದ್ರಗಳ ಆಡಳಿತ ಕುರಿತ ಉಪನ್ಯಾಸದ ಬರಹ ರೂಪ)

ಇಂದು ನಾವು ಮಾತಾಡಲಿರುವ ಕೇಂದ್ರಗಳಿಗೆ ಬುನಾದಿ ಬಿದ್ದದ್ದು 1963ರ ಅಕ್ಟೋಬರ್ 31ರಂದು. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅಂದು ಸಹಿ ಹಾಕಿದ ಕಾನೂನು, ಬೌದ್ಧಿಕ ವಿಕಲತೆಯ ಸಂಶೋಧನೆಗೆಂದೇ ಕಟ್ಟಡಗಳನ್ನು ಕಟ್ಟಲು ಹಣ ಒದಗಿಸಿತು. ಅವರ ತಂಗಿ ರೋಸ್‌ಮೆರಿಗೆ ಬೌದ್ಧಿಕ ವಿಕಲತೆ ಇತ್ತು. ಇನ್ನೊಬ್ಬ ತಂಗಿ ಯೂನಿಸ್ ಕೆನಡಿ ಶ್ರೈವರ್ ಈ ಕೆಲಸದ ಬೆನ್ನಿಗೆ ನಿಂತವರು. ಆ ಹಣದಿಂದ ಹನ್ನೆರಡು ಸಂಶೋಧನಾ ಕೇಂದ್ರಗಳು ಎದ್ದವು. ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಬಾಗಿಲು ತೆರೆದ ವೈಸ್ಮನ್ ಸೆಂಟರ್ ಅವುಗಳಲ್ಲೊಂದು. ಪಿಕೆಯು ಎಂಬ ಹುಟ್ಟು ಕಾಯಿಲೆಯ ಮೇಲೆ ಕೆಲಸ ಮಾಡಿದ ವೈದ್ಯ ಹ್ಯಾರಿ ವೈಸ್ಮನ್ ಅವರ ಹೆಸರು ಅದಕ್ಕಿದೆ. ಈ ಕೇಂದ್ರಗಳಿಗೆ ಇಂದು ಅನುದಾನ ಕೊಡುವ ಮಕ್ಕಳ ಆರೋಗ್ಯ ಮತ್ತು ಮಾನವ ಬೆಳವಣಿಗೆಯ ರಾಷ್ಟ್ರೀಯ ಸಂಸ್ಥೆಗೆ ಯೂನಿಸ್ ಅವರ ಹೆಸರನ್ನೇ ಇಟ್ಟಿದ್ದಾರೆ.

ಇಂಥ ಕೇಂದ್ರದ ಆಡಳಿತ ಎಂದರೆ ಬಿಲ್ಲು, ವೋಚರು, ವಾರ್ಷಿಕ ವರದಿ ಎಂದು ತಿಳಿದವರೇ ಹೆಚ್ಚು. ನಾವು ಇಂದು ಹೇಳಬೇಕೆಂದಿರುವುದು ಒಂದೇ ವಿಷಯ. ಎಂಆರ್‌ಐ ಗಂಟೆಗೆ ಎಷ್ಟು ದರ, ಒಪ್ಪಿಗೆ ಪತ್ರ ಯಾವ ವಯಸ್ಸಿಗೆ ಬದಲಾಗಬೇಕು, ಭಾಗವಹಿಸಿದವರ ಕೈಗೆ ಹಣ ಯಾವ ರೂಪದಲ್ಲಿ ಸೇರಬೇಕು, ಈ ಸಣ್ಣಪುಟ್ಟ ನಿಯಮಗಳನ್ನು ಬರೆಯುವವರು ಆಡಳಿತದವರು. ಮಾತು ಬಾರದ ಮಗು, ತೀವ್ರ ವಿಕಲತೆಯುಳ್ಳ ಯುವಕ ವಿಜ್ಞಾನದ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂಬುದು ಬಹುಪಾಲು ಆ ನಿಯಮಗಳ ಮೇಲೆ ನಿಂತಿದೆ.

ಕೇಂದ್ರದ ಅನುದಾನಕ್ಕೆ ಪಿ50 ಎಂದು ಹೆಸರು. ಐದು ವರ್ಷಕ್ಕೊಮ್ಮೆ ಪೈಪೋಟಿಯಲ್ಲಿ ಗೆದ್ದು ತರಬೇಕು. ಇದು ಒಬ್ಬ ಸಂಶೋಧಕನ ಪ್ರಯೋಗಕ್ಕೆ ಕೊಡುವ ಹಣವಲ್ಲ. ಆನುವಂಶಿಕತೆ, ಮೆದುಳಿನ ಚಿತ್ರಣ, ವರ್ತನೆಯ ಮೌಲ್ಯಮಾಪನ, ಅಂಕಿಅಂಶ ವಿಶ್ಲೇಷಣೆ ಹೀಗೆ ಹತ್ತಾರು ಸಂಶೋಧಕರು ಹಂಚಿಕೊಂಡು ಬಳಸುವ ಘಟಕಗಳಿಗೆ ಇದರ ದೊಡ್ಡ ಪಾಲು ಹೋಗುತ್ತದೆ. ಇವನ್ನು ‘ಕೋರ್’ ಎನ್ನುತ್ತಾರೆ. ಜತೆಗೆ ಒಂದು ನಿರ್ದಿಷ್ಟ ಸಂಶೋಧನಾ ಯೋಜನೆಯೂ ಇರಬೇಕು. ಇವೆಲ್ಲವನ್ನೂ ಹಿಡಿದಿಡುವುದು ಆಡಳಿತ ಕೋರ್. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದರ ಪಕ್ಕದಲ್ಲೇ ತರಬೇತಿ ಮತ್ತು ಸಮುದಾಯ ಸೇವೆಯ ಇನ್ನೊಂದು ಕೇಂದ್ರವೂ ಇರುತ್ತದೆ. ಅದರ ಹಣ ಬರುವುದು ಬೇರೆ ಕಾನೂನಿನಡಿ. ಅದರ ಸಲಹಾ ಸಮಿತಿಯಲ್ಲಿ ವಿಕಲತೆ ಇರುವವರು ಮತ್ತು ಅವರ ಮನೆಯವರೇ ಬಹುಮತದಲ್ಲಿರಬೇಕೆಂದು ಆ ಕಾನೂನು ಹೇಳುತ್ತದೆ. ಒಂದೇ ಸೂರಿನಡಿ ಎರಡು ಲೆಕ್ಕ. ಸ್ವಾಗತ ಕಚೇರಿಯಲ್ಲಿ ಕೂರುವ ಒಬ್ಬರೇ ಎರಡೂ ಕೇಂದ್ರಗಳ ಕೆಲಸವನ್ನು ಮಾಡುತ್ತಿದ್ದರೆ ಅವರ ಸಂಬಳದಲ್ಲಿ ಯಾವ ಅನುದಾನದಿಂದ ಎಷ್ಟು ಪಾಲು ಎಂದು ಮೊದಲೇ ಬರೆದಿಡಬೇಕು. ಆಡಿಟ್‌ನಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ತಾರೀಖುಗಳ ವಿಷಯವನ್ನು ಬೇಗ ಮುಗಿಸುತ್ತೇವೆ. ವಾರ್ಷಿಕ ಪ್ರಗತಿ ವರದಿ ಮುಂದಿನ ಅನುದಾನ ವರ್ಷ ಶುರುವಾಗುವ ಸುಮಾರು 60 ದಿನ ಮೊದಲು ಹೋಗಬೇಕು. ಕೋರ್‌ಗಳ ಮುಖ್ಯಸ್ಥರಿಂದ ಬರಹ ಸಂಗ್ರಹಿಸಲು ಅದಕ್ಕೂ ಎರಡು ತಿಂಗಳು ಮೊದಲೇ ಹೊರಡದಿದ್ದರೆ ಕೆಲಸ ಆಗುವುದಿಲ್ಲ. ಕೇಂದ್ರದ ಕೋರ್ ಬಳಸಿ ಬರೆದ ಪ್ರತಿಯೊಂದು ಪ್ರಬಂಧದಲ್ಲೂ ಅನುದಾನದ ಸಂಖ್ಯೆ ಇರಬೇಕು, ಪ್ರಬಂಧಗಳ ಸಾರ್ವಜನಿಕ ಭಂಡಾರವಾದ ಪಬ್‌ಮೆಡ್ ಸೆಂಟ್ರಲ್‌ನ ಗುರುತು ಸಂಖ್ಯೆ ಸಿಕ್ಕಿರಬೇಕು. ಪ್ರಬಂಧಗಳು ಈ ನಿಯಮಕ್ಕೆ ಬದ್ಧವಾಗಿಲ್ಲದಿದ್ದರೆ ಮುಂದಿನ ವರ್ಷದ ಹಣ ತಡವಾಗುತ್ತದೆ. ಹೊಸಬರು ಎಡವುವ ಇನ್ನೊಂದು ಜಾಗವೂ ಇದೆ. ಒಬ್ಬ ಸಂಶೋಧಕನ ಸಾಮಾನ್ಯ ಅನುದಾನದಲ್ಲಿ ಉಳಿದ ಹಣ ಸಾಮಾನ್ಯವಾಗಿ ತಾನಾಗಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಪಿ50ಯಲ್ಲಿ ಹಾಗಿಲ್ಲ, ಅದಕ್ಕೆ ಮೊದಲೇ ಅನುಮತಿ ಬೇಕು. ಟೆಕ್ನೀಷಿಯನ್ ಹುದ್ದೆ ಐದು ತಿಂಗಳು ಖಾಲಿ ಬಿದ್ದು ಉಳಿದ ಸಂಬಳವನ್ನು ‘ಮುಂದಿನ ವರ್ಷ ನೋಡೋಣ’ ಎಂದು ಬಿಟ್ಟರೆ ಅದು ಕೈಗೆ ಸಿಗದೆ ಹೋಗಬಹುದು.

ಈಗ ದರದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕೋರ್ ಬಳಸುವ ಸಂಶೋಧಕರು ತಮ್ಮ ತಮ್ಮ ಅನುದಾನದಿಂದ ಶುಲ್ಕ ಕಟ್ಟುತ್ತಾರೆ. ಈ ಶುಲ್ಕದಲ್ಲಿ ಲಾಭ ಇರಕೂಡದು, ಕಾಲಾಂತರದಲ್ಲಿ ನಷ್ಟವೂ ಇರಕೂಡದು. ಕನಿಷ್ಠ ಎರಡು ವರ್ಷಕ್ಕೊಮ್ಮೆ ದರವನ್ನು ಮರುಲೆಕ್ಕ ಹಾಕಿ, ಹಿಂದಿನ ಅವಧಿಯಲ್ಲಿ ಹೆಚ್ಚು ಬಂದದ್ದನ್ನೂ ಕಡಿಮೆ ಬಿದ್ದದ್ದನ್ನೂ ಹೊಸ ದರದಲ್ಲಿ ಸರಿದೂಗಿಸಬೇಕು. ಫೆಡರಲ್ (ಅಮೆರಿಕದ ರಾಷ್ಟ್ರೀಯ ಸರ್ಕಾರದ) ಹಣದಲ್ಲಿ ಕೊಂಡ ಯಂತ್ರದ ಸವಕಳಿಯನ್ನು ದರಕ್ಕೆ ಸೇರಿಸುವಂತಿಲ್ಲ, ಏಕೆಂದರೆ ಸರ್ಕಾರ ಒಂದೇ ಯಂತ್ರಕ್ಕೆ ಎರಡು ಸಲ ದುಡ್ಡು ಕೊಟ್ಟಂತಾಗುತ್ತದೆ. ವಿಶ್ವವಿದ್ಯಾಲಯದೊಳಗಿನ ಬೇರೆ ಬಳಕೆದಾರರಿಗಿಂತ ಫೆಡರಲ್ ಯೋಜನೆಗಳಿಗೆ ಹೆಚ್ಚಿನ ದರ ಹಾಕುವಂತಿಲ್ಲ. ಹೊರಗಿನ ಕಂಪನಿಗಳಿಗೆ ಹೆಚ್ಚು ಹಾಕಬಹುದು.

ಲೆಕ್ಕ ತಿಳಿಯಲೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಎಂಆರ್‌ಐ ಘಟಕದ ಸರ್ವಿಸ್ ಕಾಂಟ್ರ್ಯಾಕ್ಟ್, ಟೆಕ್ನೀಷಿಯನ್‌ಗಳ ಸಂಬಳ, ಇತರ ಖರ್ಚು ಎಲ್ಲ ಸೇರಿ ವರ್ಷಕ್ಕೆ 6,00,000 ಡಾಲರ್ ಆಗಲಿ. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2,080 ಗಂಟೆ. ರಜೆ, ರಿಪೇರಿ, ಯಂತ್ರದ ಗುಣಮಟ್ಟ ಪರೀಕ್ಷೆ ಕಳೆದರೆ 1,600 ಗಂಟೆ ಸಿಗುತ್ತದೆ. ಹಿಂದಿನ ವರ್ಷ ನಿಜವಾಗಿ ಬಿಲ್ಲಾದದ್ದು 1,200 ಗಂಟೆ. ಸಿಗುವ ಗಂಟೆಗಳಿಂದ ಭಾಗಿಸಿದರೆ ದರ 375 ಡಾಲರ್. ಆ ದರದಲ್ಲಿ 1,200 ಗಂಟೆ ಮಾರಿದರೆ ಬರುವುದು 4,50,000. ವರ್ಷದ ಕೊನೆಗೆ 1,50,000 ಡಾಲರ್ ಕೊರತೆ. ಬಿಲ್ಲಾಗುವ ಗಂಟೆಗಳಿಂದ ಭಾಗಿಸಿದರೆ ದರ 500. ಸಂಶೋಧಕರು ಬೇರೆ ಸ್ಕ್ಯಾನರ್ ಹುಡುಕಿಕೊಂಡು ಹೋಗುತ್ತಾರೆ, ಗಂಟೆಗಳು ಇನ್ನೂ ಇಳಿಯುತ್ತವೆ, ಮರುವರ್ಷ ದರ ಇನ್ನೂ ಏರುತ್ತದೆ. ಈ ಸುಳಿಯಿಂದ ಹೊರಬರಲು ಪಿ50 ಹಣದಲ್ಲಿ 1,20,000 ಡಾಲರನ್ನು ಕೋರ್‌ಗೆ ಸಹಾಯಧನವಾಗಿ ಹಾಕಿದರೆ ದರ 400ಕ್ಕೆ ನಿಲ್ಲುತ್ತದೆ. ಕೇಂದ್ರದ ಅನುದಾನ ಮಾಡುವ ಮುಖ್ಯ ಕೆಲಸ ಇದೇ.

ಇಲ್ಲಿಯವರೆಗೆ ಇದು ಯಾವ ಪ್ರಯೋಗಾಲಯಕ್ಕೂ ಹೊಂದುವ ಲೆಕ್ಕ. ವಿಕಲತೆಯ ಕೇಂದ್ರದಲ್ಲಿ ವಿಷಯ ಬೇರೆಯಾಗುವುದು ‘ಆಗದ ಸ್ಕ್ಯಾನ್’ಗೆ ಯಾರು ದುಡ್ಡು ಕಟ್ಟಬೇಕು ಎಂಬಲ್ಲಿ. ಆರು ವರ್ಷದ ಆಟಿಸಂ ಇರುವ ಮಗುವನ್ನು ನೇರವಾಗಿ ಯಂತ್ರದೊಳಗೆ ಮಲಗಿಸಲು ಬರುವುದಿಲ್ಲ. ಮೊದಲು ಅಯಸ್ಕಾಂತವಿಲ್ಲದ ನಕಲಿ ಸ್ಕ್ಯಾನರ್‌ನಲ್ಲಿ ಅಭ್ಯಾಸ ಮಾಡಿಸಬೇಕು. ಮೊದಲ ದಿನ ಮಂಚದ ಮೇಲೆ ಕೂರುವುದು, ಆಮೇಲೆ ಮಲಗುವುದು, ಆಮೇಲೆ ತಲೆಯನ್ನು ಸುತ್ತುವ ಕಾಯಿಲ್ ಎಂಬ ಚೌಕಟ್ಟು ಇಡುವುದು, ಕೊನೆಗೆ ಯಂತ್ರದ ಬಡಿತದ ಸದ್ದನ್ನು ಸ್ಪೀಕರ್‌ನಲ್ಲಿ ಸಣ್ಣದಾಗಿ ಶುರುಮಾಡಿ ಏರಿಸುವುದು. ಎರಡು ಮೂರು ಭೇಟಿ ಹಿಡಿಯಬಹುದು. ಇಷ್ಟಾದರೂ ನಿಗದಿಯಾದ ದಿನ ಮಗು ಬಾಗಿಲಲ್ಲೇ ನಿಂತು ಬೇಡ ಎನ್ನಬಹುದು. ಗಂಟೆ ಬುಕ್ ಆಗಿದೆ, ಟೆಕ್ನೀಷಿಯನ್ ಕಾದಿದ್ದಾರೆ, ಬಿಲ್ಲು ಪೂರ್ತಿ ಬರುತ್ತದೆ. ನಾಲ್ಕು ಸಲ ಹೀಗಾದರೆ ಸಂಶೋಧಕ ಮುಂದಿನ ಅರ್ಜಿಯಲ್ಲಿ ‘ಐಕ್ಯೂ 70ಕ್ಕಿಂತ ಮೇಲಿರುವವರು ಮಾತ್ರ’ ಎಂದು ಬರೆಯುತ್ತಾನೆ. ಅವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ನಮ್ಮ ದರಪಟ್ಟಿ ಅವನ ಕೈಯಿಂದ ಹಾಗೆ ಬರೆಸಿದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಐಕ್ಯೂ ಮಾಹಿತಿ ಇದ್ದ ಎಂಟು ವರ್ಷದ ಆಟಿಸಂ ಮಕ್ಕಳಲ್ಲಿ ಸುಮಾರು 38% ಮಂದಿಗೆ ಬೌದ್ಧಿಕ ವಿಕಲತೆಯೂ ಇದೆ. ಒಂದು ಸಾಲಿನಲ್ಲಿ ಅಷ್ಟೂ ಜನ ಹೊರಗೆ.

ಆದ್ದರಿಂದ ಸಹಾಯಧನವನ್ನು ಎಲ್ಲ ಗಂಟೆಗಳ ಮೇಲೂ ಸಮನಾಗಿ ಎರಚುವುದಕ್ಕಿಂತ ಅದರ ಒಂದು ಭಾಗವನ್ನು ಇಲ್ಲಿಗೇ ಮೀಸಲಿಡುವುದು ಸರಿ ಎಂದು ನಮ್ಮ ದೃಢವಾದ ಅಭಿಪ್ರಾಯ. ನಕಲಿ ಸ್ಕ್ಯಾನರ್ ಅಭ್ಯಾಸಕ್ಕೆ ಶುಲ್ಕ ಬೇಡ. ಮಗು ಬಂದೂ ಸ್ಕ್ಯಾನ್ ಆಗದಿದ್ದರೆ ಬಿಲ್ಲು ಕೇಂದ್ರದ ಲೆಕ್ಕಕ್ಕೆ ಬರಲಿ. ಸಂಶೋಧಕನ ತಂಡವೇ ಮರೆತು ಕುಟುಂಬಕ್ಕೆ ಕರೆಮಾಡದೆ ಗಂಟೆ ಹಾಳಾದರೆ ಮಾತ್ರ ಪೂರ್ತಿ ಶುಲ್ಕ. ಈ ನಿಯಮ ಬರವಣಿಗೆಯಲ್ಲಿರಬೇಕು, ಎಲ್ಲ ಬಳಕೆದಾರರಿಗೂ ಒಂದೇ ರೀತಿ ಅನ್ವಯವಾಗಬೇಕು. ಇಲ್ಲದಿದ್ದರೆ ಆಡಿಟ್‌ನಲ್ಲಿ ಪಕ್ಷಪಾತದ ದರವಾಗಿ ಕಾಣುತ್ತದೆ.

ಮೌಲ್ಯಮಾಪನದ ಕೋರ್‌ನಲ್ಲೂ ಇದೇ ಕಥೆ. ಮಕ್ಕಳ ಬುದ್ಧಿಮತ್ತೆಗೆ ಬಳಸುವ ವೆಕ್ಸ್ಲರ್ ಪರೀಕ್ಷೆಯ ಐದನೇ ಆವೃತ್ತಿಯಲ್ಲಿ ಒಟ್ಟು ಅಂಕ 40ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ತೀವ್ರ ವಿಕಲತೆಯ ಹತ್ತು ಮಕ್ಕಳಿಗೂ 40 ಎಂದೇ ಬಂದರೆ ಔಷಧಿಯಿಂದ ಯಾರಿಗೆ ಎಷ್ಟು ಉಪಯೋಗವಾಯಿತೆಂದು ಯಾವ ಅಂಕಿಅಂಶ ತಜ್ಞರೂ ಹೇಳಲಾರರು. ಮನೆಯವರನ್ನು ಕೇಳಿ ದಿನನಿತ್ಯದ ಕೌಶಲ ಅಳೆಯುವ ವೈನ್‌ಲ್ಯಾಂಡ್‌ನಂಥ ಸಂದರ್ಶನವನ್ನೂ ಕೋರ್ ಒದಗಿಸಬೇಕು. ಆಟಿಸಂ ಗುರುತಿಸುವ ಅಡಾಸ್ ಪರೀಕ್ಷೆಯನ್ನು ಸಂಶೋಧನೆಗಾಗಿ ಮಾಡುವವರು ತರಬೇತಿ ಪಡೆದು, ಬೇರೆ ಪರಿಣತರ ಅಂಕಗಳೊಂದಿಗೆ 80% ಹೊಂದಿಕೆ ತೋರಿಸಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಂಥವರು ಒಬ್ಬರೇ ಇದ್ದು ಅವರು ಕೆಲಸ ಬಿಟ್ಟರೆ ನಾಲ್ಕೈದು ಅಧ್ಯಯನಗಳು ಒಟ್ಟಿಗೆ ನಿಲ್ಲುತ್ತವೆ. ಇಬ್ಬರಿಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಕಟ್ಟಡದಲ್ಲಿ ದೊಡ್ಡವರಿಗೆ ಡಯಾಪರ್ ಬದಲಿಸಲು ಎತ್ತರ ಹೊಂದಿಸಬಲ್ಲ ಮಂಚ ಇಲ್ಲದಿದ್ದರೆ ಮೂರು ಗಂಟೆಯ ಪರೀಕ್ಷೆಗೆ ಇಪ್ಪತ್ತೈದು ವರ್ಷದ ಮಗನನ್ನು ಕರೆತರಲು ಯಾವ ತಾಯಿಯೂ ಒಪ್ಪುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಒಪ್ಪಿಗೆಯ ವಿಷಯಕ್ಕೆ ಬರೋಣ. ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡ್‌ನ ವಿಲೋಬ್ರೂಕ್ ಸಂಸ್ಥೆಯಲ್ಲಿ 1950ರ ದಶಕದ ನಡುವಿನಿಂದ 1970ರ ದಶಕದ ಆರಂಭದವರೆಗೆ ಬೌದ್ಧಿಕ ವಿಕಲತೆಯ ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ಸೋಂಕು ತಗುಲಿಸಿ ಅಧ್ಯಯನ ಮಾಡಿದರು. 1979ರ ಬೆಲ್ಮಾಂಟ್ ವರದಿ, ಅದರಿಂದ ಹುಟ್ಟಿದ ನಿಯಮಗಳ ಹಿಂದೆ ಇಂಥ ಘಟನೆಗಳಿವೆ. ಇಂದು ಪ್ರತಿ ಅಧ್ಯಯನವನ್ನೂ ಐಆರ್‌ಬಿ ಎಂಬ ನೈತಿಕ ಸಮಿತಿ ನೋಡುತ್ತದೆ. 2018ರ ಜನವರಿ 25ರಿಂದ, ಎನ್‌ಐಎಚ್ (ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ) ಹಣದಲ್ಲಿ ಅಮೆರಿಕದ ಹಲವು ಕಡೆ ಒಂದೇ ಬಗೆಯಲ್ಲಿ ನಡೆಯುವ ಅಧ್ಯಯನಕ್ಕೆ ಒಂದೇ ಐಆರ್‌ಬಿ ಇರಬೇಕೆಂಬುದು ನಿಯಮ. ಆದರೆ ವಿಲೋಬ್ರೂಕ್‌ನ ಭಯ ಇನ್ನೊಂದು ದಿಕ್ಕಿಗೂ ಎಳೆಯಿತು. ‘ಒಪ್ಪಿಗೆ ಕೊಡಲು ಬಾರದವರನ್ನು ಸೇರಿಸಿಕೊಳ್ಳುವುದೇ ಬೇಡ’ ಎಂಬ ಸುಲಭದ ದಾರಿ ಅನೇಕರಿಗೆ ರೂಢಿಯಾಯಿತು.

ಸರಿಯಾದ ದಾರಿ ಉದ್ದ, ಆದರೆ ಕಷ್ಟವಲ್ಲ. ವಯಸ್ಕರ ಸಾಮರ್ಥ್ಯವನ್ನು ರೋಗದ ಹೆಸರಿನಿಂದ ಊಹಿಸಕೂಡದು, ಆ ಅಧ್ಯಯನಕ್ಕೆ ತಕ್ಕಂತೆ ಪರೀಕ್ಷಿಸಬೇಕು. ದೊಡ್ಡ ಅಕ್ಷರ, ಚಿತ್ರ, ಒಂದು ಪುಟಕ್ಕೆ ಒಂದು ವಿಷಯ. ಓದಿ ಹೇಳಿದ ಮೇಲೆ ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಬೇಡ ಅನ್ನಿಸಿದರೆ ಏನು ಮಾಡ್ತೀರಿ?’ ‘ಇವತ್ತು ಸೂಜಿ ಚುಚ್ಚುತ್ತೇವಾ?’ ಎಂದು ಕೇಳಿ ಅವರ ಬಾಯಿಂದಲೇ ಉತ್ತರ ಬರಿಸಬೇಕು. ಹತ್ತು ಪ್ರಶ್ನೆಗಳ ಸಣ್ಣ ಪರೀಕ್ಷೆಗಳೂ ಸಿದ್ಧವಾಗಿ ಸಿಗುತ್ತವೆ. ಸಾಮರ್ಥ್ಯ ಸಾಲದಿದ್ದರೆ ಆಯಾ ರಾಜ್ಯದ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಹಾಕಬಹುದು. ಅವರು ಸಹಿ ಹಾಕಿದ ಮೇಲೂ ವ್ಯಕ್ತಿ ಕೈ ಹಿಂದೆಳೆದರೆ, ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಬೇಕು. ಮಾತಿಲ್ಲದವರು ‘ಬೇಡ’ ಎನ್ನುವುದು ಹೇಗೆಂದು ಮನೆಯವರನ್ನು ಮೊದಲೇ ಕೇಳಿ ಫೈಲಿನಲ್ಲಿ ಬರೆದಿಡಬೇಕು.

ಕೇಂದ್ರಗಳು ಹೆಚ್ಚಾಗಿ ಸಿಕ್ಕಿಬೀಳುವುದು ಹದಿನೆಂಟನೇ ಹುಟ್ಟುಹಬ್ಬದಲ್ಲಿ. ಎರಡು ವರ್ಷ ವಯಸ್ಸಿನಲ್ಲಿ ಅಮ್ಮನ ಸಹಿಯೊಂದಿಗೆ ಸೇರಿದ ಮಗುವಿಗೆ ಹದಿನೆಂಟು ತುಂಬಿದ ದಿನ ಆ ಸಹಿಯ ಬಲ ಮುಗಿಯುತ್ತದೆ. ಹೆಸರು ಗುರುತಿರುವ ದತ್ತಾಂಶವನ್ನೋ ರಕ್ತದ ಮಾದರಿಯನ್ನೋ ಮುಂದೆಯೂ ಬಳಸಬೇಕೆಂದರೆ ಹೊಸ ಒಪ್ಪಿಗೆ ಬೇಕು, ಇಲ್ಲವೇ ಐಆರ್‌ಬಿಯ ವಿನಾಯಿತಿ ಬೇಕು. ಎಷ್ಟೋ ಕುಟುಂಬಗಳು ಅಷ್ಟರಲ್ಲಿ ನ್ಯಾಯಾಲಯದಿಂದ ಪೋಷಕತ್ವ ಪಡೆದಿರುವುದಿಲ್ಲ, ಪಡೆಯಲೇಬೇಕೆಂದೂ ಇಲ್ಲ. ಆಡಳಿತ ಮಾಡಬೇಕಾದ್ದು ಸರಳ: ಭಾಗವಹಿಸುವವರ ನೋಂದಣಿ ಪಟ್ಟಿಯಲ್ಲಿ ಜನ್ಮದಿನಾಂಕಕ್ಕೆ ಕಟ್ಟಿದ ಎಚ್ಚರಿಕೆ, ಹದಿನೇಳೂವರೆಗೆ ಮನೆಗೆ ಒಂದು ಪತ್ರ, ಹದಿನೆಂಟು ತುಂಬಿದ ಮೇಲಿನ ಮೊದಲ ಭೇಟಿಯಲ್ಲಿ ಹೊಸ ಪ್ರಕ್ರಿಯೆ. ಇದು ಪ್ರತಿ ಪ್ರಯೋಗಾಲಯದ ಹೊಣೆ ಎಂದು ಬಿಟ್ಟರೆ ಆಗುವುದಿಲ್ಲ, ಕೇಂದ್ರವೇ ಮಾಡಬೇಕು. ಅದೇ ಪಟ್ಟಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ಅಪರೂಪದ ಕಾಯಿಲೆಯಿರುವ ಒಂದೇ ಮನೆಗೆ ಐದು ಪ್ರಯೋಗಾಲಯಗಳು ಒಂದೇ ತಿಂಗಳಲ್ಲಿ ಕರೆಮಾಡಿದರೆ ಆ ಮನೆಯವರು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಯಾರು, ಯಾವಾಗ ಕರೆಯಬಹುದೆಂಬ ಸರದಿಯನ್ನು ಒಬ್ಬ ಸಂಯೋಜಕಿ ಹಿಡಿದಿರಬೇಕು.

ಹಣ ಕೊಡುವುದರಲ್ಲೂ ಅಪಾಯವಿದೆ. ವಿಕಲತೆಯುಳ್ಳ ಅನೇಕ ವಯಸ್ಕರು ಎಸ್‌ಎಸ್‌ಐ ಎಂಬ ಸರ್ಕಾರಿ ನೆರವಿನಲ್ಲಿ ಬದುಕುತ್ತಾರೆ. ಅದು ಸಿಗಬೇಕಾದರೆ ಒಬ್ಬಂಟಿ ವ್ಯಕ್ತಿಯ ಬಳಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್‌ಗಿಂತ ಹೆಚ್ಚು ಇರಕೂಡದು. ಈ ಮಿತಿ 1989ರಿಂದ ಏರಿಲ್ಲ. ಬ್ಯಾಂಕಿನಲ್ಲಿ 1,900 ಇರುವವರಿಗೆ ಅಧ್ಯಯನದಿಂದ 150 ಡಾಲರ್ ಬಂದು, ತಿಂಗಳ ಮೊದಲ ದಿನದ ವೇಳೆಗೆ ಖರ್ಚಾಗದೆ ಉಳಿದರೆ ಆ ತಿಂಗಳ ನೆರವು ಹೋಗಬಹುದು. ಹಲವು ರಾಜ್ಯಗಳಲ್ಲಿ ಮೆಡಿಕೇಡ್ ಎಂಬ ವೈದ್ಯಕೀಯ ಸೌಲಭ್ಯವೂ ಅದಕ್ಕೆ ಅಂಟಿಕೊಂಡಿದೆ. ಅಪರೂಪದ ಕಾಯಿಲೆಗಳ ಚಿಕಿತ್ಸಾ ಪ್ರಯೋಗಗಳಲ್ಲಿ ವರ್ಷಕ್ಕೆ ಮೊದಲ 2,000 ಡಾಲರನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಕಾನೂನು ಇದೆ. ಆದರೆ ಬರಿಯ ಎಂಆರ್‌ಐ, ಪ್ರಶ್ನಾವಳಿಯ ಅಧ್ಯಯನಗಳಿಗೆ ಆ ರಕ್ಷಣೆಯನ್ನು ನಂಬಿ ಕೂರಲಾಗದು. ಒಪ್ಪಿಗೆ ಪತ್ರದಲ್ಲೇ ಈ ಎಚ್ಚರಿಕೆ ಬರೆಯಿರಿ. ಹಣ ಬೇಡ ಎನ್ನುವ ಆಯ್ಕೆ ಕೊಡಿ. ಪೆಟ್ರೋಲು, ಊಟ, ಹೋಟೆಲಿನ ಖರ್ಚನ್ನು ಗೌರವಧನದಿಂದ ಬೇರೆ ಮಾಡಿ ಖರ್ಚು ಮರುಪಾವತಿ ಎಂದೇ ತೋರಿಸಿ. ಏಬಲ್ ಎಂಬ ವಿಶೇಷ ಉಳಿತಾಯ ಖಾತೆ ಇದ್ದವರಿಗೆ ಅಲ್ಲಿಗೆ ಹಾಕಿಕೊಳ್ಳುವ ದಾರಿ ತಿಳಿಸಿ. ಅದರಲ್ಲಿ 1,00,000 ಡಾಲರ್‌ವರೆಗೆ ಎಸ್‌ಎಸ್‌ಐನ ಆಸ್ತಿ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಎದುರಾಗುವ ತೊಡಕು ಬೇರೆ. ಉದ್ಯೋಗ ವೀಸಾದಲ್ಲಿರುವವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಗುವಿಗೆ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಎಂಬ ಸರ್ಕಾರಿ ಗುರುತು ಸಂಖ್ಯೆ ಇರುವುದಿಲ್ಲ. ವಿಶ್ವವಿದ್ಯಾಲಯದ ಪಾವತಿ ವ್ಯವಸ್ಥೆ ಆ ನಂಬರ್ ಇಲ್ಲದೆ ಮುಂದೆ ಹೋಗದಂತೆ ಇದ್ದರೆ ಅವರಿಗೆ ಗೌರವಧನ ಸಿಗುವುದೇ ಇಲ್ಲ. ನಂಬರ್ ಇಲ್ಲದವರಿಗೆ ಏನು ಮಾಡುವುದೆಂದು ಹಣಕಾಸು ಮತ್ತು ತೆರಿಗೆ ಕಚೇರಿಗಳೊಂದಿಗೆ ಅಧ್ಯಯನ ಶುರುವಾಗುವ ಮುನ್ನವೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಬೇಕು. ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದ ಮಗುವಿಗೆ ಇಂಗ್ಲಿಷ್ ಭಾಷಾ ಪರೀಕ್ಷೆ ಕೊಟ್ಟು ಬಂದ ಅಂಕವನ್ನು ವಿಕಲತೆಯ ಅಳತೆ ಎಂದು ಬರೆದುಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಪ್ರಶ್ನೋತ್ತರದಲ್ಲಿ ಬಂದ ವಿಚಾರವೊಂದನ್ನು ಇಲ್ಲಿ ಸೇರಿಸುತ್ತೇವೆ: ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕೆಲಸ ಮಾಡುವವರು ಇದರಲ್ಲಿ ಯಾವುದನ್ನು ತೆಗೆದುಕೊಳ್ಳಬಹುದು? ದರದ ಲೆಕ್ಕ, ನೋಂದಣಿ ಪಟ್ಟಿ, ನಕಲಿ ಸ್ಕ್ಯಾನರ್ ಇವೆಲ್ಲ ಹಾಗೇ ಬರುತ್ತವೆ. ಒಪ್ಪಿಗೆಯ ಕಾನೂನು ಬೇರೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ವ್ಯಕ್ತಿಗೆ ಅರ್ಥವಾಗುವ ವಿಧಾನದಲ್ಲಿ ಪಡೆದ ಒಪ್ಪಿಗೆಯ ಜತೆಗೆ, ಸರ್ಕಾರ ರಚಿಸಿದ ವಿಕಲತೆ ಸಂಶೋಧನಾ ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಸದಸ್ಯರು ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಘಟನೆಗಳವರಾಗಿರಬೇಕು. ಸಂಸ್ಥೆಯ ಎಥಿಕ್ಸ್ ಕಮಿಟಿಯ ಅನುಮತಿ ಸಿಕ್ಕರೆ ಸಾಕೆಂದುಕೊಂಡು ಇದನ್ನು ಮರೆಯುವಂತಿಲ್ಲ. ಹದಿನೆಂಟರ ನಂತರದ ಪೋಷಕತ್ವಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿ ಅದರ ಸದಸ್ಯರು. ವಿದೇಶಿ ಹಣದ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆಯೂ ಬೇಕು. ಅಮೆರಿಕದ ಕೇಂದ್ರದ ಜತೆ ಸೇರಿ ಕೆಲಸ ಮಾಡುವ ಯೋಜನೆಯಿದ್ದರೆ, 2025ರ ಮೇ ತಿಂಗಳಲ್ಲಿ ಎನ್‌ಐಎಚ್ ಅಮೆರಿಕದ ಅನುದಾನದೊಳಗಿಂದ ಹೊರದೇಶದ ಸಂಸ್ಥೆಗಳಿಗೆ ಹೋಗುವ ಉಪ-ಅನುದಾನಗಳ ಹಳೆಯ ಪದ್ಧತಿಯನ್ನು ನಿಲ್ಲಿಸುವುದಾಗಿ ಘೋಷಿಸಿದ್ದನ್ನು ಗಮನದಲ್ಲಿಟ್ಟು, ಹಣದ ದಾರಿಯನ್ನು ಮೊದಲು ಕೇಳಿಕೊಂಡು ಆಮೇಲೆ ಜನರನ್ನು ನೇಮಿಸಿ.

ಕೊನೆಯದಾಗಿ ಅನುದಾನ ನವೀಕರಣವಾಗದೆ ಹೋದ ವರ್ಷದ ವಿಷಯ. ಒಳ್ಳೆಯ ಕೇಂದ್ರಗಳಿಗೂ ಈ ಕಾಲ ಬರಬಹುದು. ಆಗ ಎಲ್ಲ ಕೋರ್‌ಗಳಿಂದಲೂ ಶೇಕಡಾ ಇಷ್ಟು ಎಂದು ಸಮನಾಗಿ ಕತ್ತರಿಸುವುದು ನ್ಯಾಯವಾಗಿ ಕಾಣುತ್ತದೆ, ಆದರೆ ಹಾಳಾಗುವುದು ಅದರಿಂದಲೇ. ಯಂತ್ರವನ್ನು ಒಂದು ವರ್ಷ ಕಡಿಮೆ ಓಡಿಸಬಹುದು, ಸಾಫ್ಟ್‌ವೇರ್ ಪರವಾನಗಿಯನ್ನು ಮತ್ತೆ ಕೊಳ್ಳಬಹುದು. ಉಳಿಸಿಕೊಳ್ಳಲೇಬೇಕಾದ್ದು ಮೂರು: ಕುಟುಂಬಗಳ ದನಿ ಗುರುತಿಸುವ ನೋಂದಣಿ ಸಂಯೋಜಕಿ, ತರಬೇತಾದ ಪರೀಕ್ಷಕರು, ರಕ್ತದಂಥ ಮಾದರಿಗಳನ್ನು ಕಾಪಿಡುವ ಮೈನಸ್ 80 ಡಿಗ್ರಿಯ ಫ್ರೀಜರ್‌ಗಳು. ಫ್ರೀಜರ್‌ಗೆ ಜನರೇಟರ್ ಸಂಪರ್ಕ, ರಾತ್ರಿ ಅಲಾರಾಂ ಹೊಡೆದರೆ ಬರುವ ಇಬ್ಬರ ಫೋನ್ ನಂಬರ್, ಮಾದರಿಗಳನ್ನು ಸಾಗಿಸಲು ಖಾಲಿ ಇಟ್ಟ ಇನ್ನೊಂದು ಫ್ರೀಜರ್ ಇರಲೇಬೇಕು. ಈ ಮೂರರ ವರ್ಷದ ಖರ್ಚನ್ನು ವಿಶ್ವವಿದ್ಯಾಲಯ ಭರಿಸುತ್ತದೆ ಎಂಬ ಪತ್ರವನ್ನು ಡೀನ್ ಅವರಿಂದ ಅನುದಾನದ ಮೂರನೇ ವರ್ಷದಲ್ಲೇ ಸಹಿ ಮಾಡಿಸಿ ಇಟ್ಟುಕೊಳ್ಳಿ. ಐದನೇ ವರ್ಷದಲ್ಲಿ ಕೇಳಿದರೆ ಆ ಸಾಲಿನ ಬಜೆಟ್ ಆಗಲೇ ಹಂಚಿ ಮುಗಿದಿರುತ್ತದೆ.